ಕಾಡಿನ ಶಿಬಿರಕ್ಕೆ ಮೊದಲು ಮನೆಯಲ್ಲಿ ಆಗಬೇಕಾದ ತಯಾರಿ

ಮಾನ್ಯ ಪೋಷಕರೇ,

ಒಂಬತ್ತನೇ ತರಗತಿಯ ಮಕ್ಕಳಿಗೆ ಅಕ್ಟೋಬರ್ ಕೊನೆಯ ವಾರ ಕೊಡಚಾದ್ರಿಯ ತಪ್ಪಲಿನಲ್ಲಿ ಮೂರು ದಿನದ ಶಿಬಿರವಿದೆ. ದಾರಿ ಒಣಗಿದ ಮೇಲೆ ಜನವರಿಯಲ್ಲಿ ಹೋಗಬಾರದೇ ಎಂದು ಕೆಲವರು ಕೇಳಿದ್ದೀರಿ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವ ಮರಿ ಉಣುಗುಗಳು ಎಷ್ಟು ಸಣ್ಣವೆಂದರೆ ಕಚ್ಚಿದ್ದೇ ತಿಳಿಯುವುದಿಲ್ಲ. ಅಕ್ಟೋಬರಿನಲ್ಲಿ ಉಂಬಳ ಕಾಡುತ್ತವೆ, ನಿಜ. ಎರಡರಲ್ಲಿ ಉಂಬಳವೇ ವಾಸಿ. ಆದರೂ ಸಂಜೆ ಎಲ್ಲರಿಗೂ ಸ್ನಾನ ಮತ್ತು ಬಟ್ಟೆ ಬದಲು ಕಡ್ಡಾಯ.

ಮಾಮೂಲಿ ಸಾಕ್ಸ್‌ನ ಹೆಣಿಗೆಯಲ್ಲಿ ಉಂಬಳ ಸಲೀಸಾಗಿ ನುಸುಳುತ್ತದೆ. ಹಳೆಯ ಬೆಡ್‌ಶೀಟಿನಂಥ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಮೊಣಕಾಲುದ್ದದ ಕಾಲುಚೀಲ ಹೊಲಿಸಿ, ಮೇಲ್ತುದಿಗೆ ಲಾಡಿ ಇರಲಿ. ಕಚ್ಚಿಕೊಂಡ ಉಂಬಳಕ್ಕೆ ಉಪ್ಪು ಹಾಕುವುದು, ಬೆಂಕಿ ತಾಗಿಸುವುದು ಬೇಡ. ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಿ ನಂಜಾಗಬಹುದು. ತೆಳು ತುದಿಯ ಬಾಯಿಯಡಿ ಉಗುರು ತೂರಿಸಿ ಬಿಡಿಸಬೇಕು, ಆಮೇಲೆ ದಪ್ಪ ತುದಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಬಹಳ ಹೊತ್ತು ಒಸರುತ್ತದೆ. ಗಾಬರಿಯಾಗದೆ ಶುಭ್ರ ಬಟ್ಟೆ ಒತ್ತಿ ಹಿಡಿದರೆ ಸಾಕು.

ದಯವಿಟ್ಟು ಹೊಸ ಶೂ ಕೊಡಿಸಬೇಡಿ. ಕೊಡಿಸಲೇಬೇಕಿದ್ದರೆ ಈ ವಾರವೇ ಕೊಡಿಸಿ, ದಿನವೂ ಹಾಕಿಕೊಂಡು ಓಡಾಡಲಿ. ಜೀನ್ಸ್ ನೆನೆದರೆ ಭಾರ, ಬೇಗ ಒಣಗದು. ನೀರೂ ಸೇರಿ ಬ್ಯಾಗು ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರದಿರಲಿ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಂತಿರಬೇಕು, ಹೊರಜೇಬಿಗೆ ತುಂಬಿದರೆ ಬ್ಯಾಗು ಹಿಂದಕ್ಕೆಳೆಯುತ್ತದೆ.

ಟಾರ್ಪಾಲಿಗೆ ಹಗ್ಗ ಬಿಗಿಯಲು ಬೋಲೈನ್ ಗಂಟು ಕಲಿಸಿದ್ದೇವೆ. 6 ಮಿ.ಮೀ. ದಪ್ಪದ ಎರಡು ಮೀಟರ್ ಹಗ್ಗ ಕೊಟ್ಟು ಮನೆಯಲ್ಲಿ ಮಾಡಿಸಿ: ಸಣ್ಣ ಕುಣಿಕೆ, ತುದಿ ಕೆಳಗಿನಿಂದ ಅದರೊಳಗೆ ಮೇಲಕ್ಕೆ, ಉದ್ದ ಹಗ್ಗದ ಹಿಂದಿನಿಂದ ಸುತ್ತಿ ಮತ್ತೆ ಅದೇ ಕುಣಿಕೆಯೊಳಗೆ ಕೆಳಕ್ಕೆ. ಕುಣಿಕೆ ತಿರುಚುವ ದಿಕ್ಕು ತಪ್ಪಿದರೆ ಎಳೆದೊಡನೆ ಬಿಚ್ಚಿಕೊಳ್ಳುತ್ತದೆ. ಗಂಟಿನಾಚೆ ಉಳಿಯುವ ತುದಿ 10 ಸೆಂ.ಮೀ.ಗಿಂತ ಚಿಕ್ಕದಿದ್ದರೂ ಜಾರೀತು. ಕಣ್ಣುಮುಚ್ಚಿ ಕಟ್ಟಲು ಬರುವವರೆಗೆ ಬಿಡಬೇಡಿ; ಮಳೆಯಲ್ಲಿ, ಕತ್ತಲಲ್ಲಿ ಟಾರ್ಚ್ ಹಿಡಿಯಲು ಮೂರನೇ ಕೈ ಇರುವುದಿಲ್ಲ.

ಬೆಂಕಿ ಹೊತ್ತಿಸುವ ಪಾಠ ಶಾಲಾ ಮೈದಾನದಲ್ಲೇ ಮುಗಿಯುತ್ತದೆ, ಕಾಡಿನಲ್ಲಿ ಬೆಂಕಿ ಇಲ್ಲ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ. ಇದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ, ಮನೆಯಲ್ಲಿ ಹಿರಿಯರು ಬೇರೆ ಮಾತು ಹೇಳದಿದ್ದರೆ ಉಪಕಾರ.

ಆಸ್ತಮಾ, ಅಲರ್ಜಿ, ಮೂರ್ಛೆರೋಗವಿದ್ದರೆ ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಔಷಧಿಯ ಹೆಸರು, ಪ್ರಮಾಣ ಬರೆದು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಇನ್ಹೇಲರ್ ಇದ್ದರೆ ಎರಡು ಕಳುಹಿಸಿ, ಒಂದು ಶಿಕ್ಷಕರ ಬಳಿ ಇರುತ್ತದೆ.

ಇಂತಿ,
ಮುಖ್ಯೋಪಾಧ್ಯಾಯರು