ಎಳೆಯ ಬೌಲರ್‌ಗಳ ತೋಳಿಗೂ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಮೈಸೂರಿನ ಮೈದಾನಗಳಲ್ಲಿ ಹೊತ್ತು ಮೂಡುತ್ತಿದ್ದಂತೆಯೇ ಕ್ರಿಕೆಟ್ ಶಿಬಿರಗಳು ಆರಂಭವಾಗುತ್ತವೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ನನಗೆ ಅದು ಸಂತೋಷದ ನೋಟವೇ. ಆದರೆ ಕಳೆದ ವಾರ ನಮ್ಮ ಬೀದಿಯ ಹನ್ನೆರಡು ವರ್ಷದ ಹುಡುಗನೊಬ್ಬ ಬಲಗೈ ಎತ್ತಲಾಗದೆ ತಾಯಿಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದುದನ್ನು ಕಂಡು ಮನಸ್ಸು ಕಲಕಿತು. ಶಿಬಿರದಲ್ಲಿ ಎರಡೂ ಹೊತ್ತು ನೆಟ್ಸ್‌ನಲ್ಲಿ ಬೌಲ್ ಮಾಡುತ್ತಿದ್ದನಂತೆ. ದಿನಕ್ಕೆ ಎಷ್ಟು ಚೆಂಡು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಕಲಿಸುವವರೂ ಬರೆದಿಟ್ಟಿಲ್ಲ.

ಆಗ ನೆನಪಾದವನು ಅಮೆರಿಕದ ಬೇಸ್‌ಬಾಲ್ ಪಿಚರ್ (ಬ್ಯಾಟುಗಾರನಿಗೆ ಚೆಂಡೆಸೆಯುವವನು) ಮಾರ್ಕ್ ಫಿಡ್ರಿಚ್. 1976ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಬಂದಾಗ ಆತನಿಗೆ ಇನ್ನೂ 21 ವರ್ಷ. ಚೆಂಡಿನೊಡನೆ ಮಾತನಾಡುತ್ತಿದ್ದ ಈತ, ಚೆಂಡೆಸೆಯುವ ದಿಬ್ಬದ ಮೇಲೆ ಮಂಡಿಯೂರಿ ಅಲ್ಲಿನ ಮಣ್ಣನ್ನು ಅಂಗೈಯಿಂದ ತಾನೇ ಸಮ ಮಾಡುತ್ತಿದ್ದ. ಅವನನ್ನು ನೋಡಲೆಂದೇ ಜನ ಕ್ರೀಡಾಂಗಣಕ್ಕೆ ಮುಗಿಬೀಳುತ್ತಿದ್ದರು. ಆ ವರ್ಷ 19 ಪಂದ್ಯ ಗೆದ್ದು ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ. 24 ಪಂದ್ಯಗಳಲ್ಲಿ ಬೇರೊಬ್ಬ ಪಿಚರ್‌ನ ನೆರವಿಲ್ಲದೆ ಕೊನೆಯವರೆಗೂ ಒಬ್ಬನೇ ಎಸೆದ. ಮರುವರ್ಷ ಮೊದಲು ಮೊಣಕಾಲಿಗೆ ಪೆಟ್ಟಾಯಿತು. ಚೇತರಿಸಿಕೊಂಡು ಬಂದ ಕೆಲವೇ ವಾರಗಳಲ್ಲಿ ತೋಳು ಸೋತಿತು. 1980ಕ್ಕೆ ಉನ್ನತ ದರ್ಜೆಯ ಆಟವೇ ಮುಗಿದುಹೋಯಿತು. ಐದು ವರ್ಷಗಳಲ್ಲಿ ಆಡಿದ್ದು ಒಟ್ಟು 58 ಪಂದ್ಯ. ಭುಜದ ಕೀಲನ್ನು ಹಿಡಿದಿಡುವ ರೊಟೇಟರ್ ಕಫ್ ಹರಿದಿದೆಯೆಂದು ವೈದ್ಯರು ಕಂಡುಹಿಡಿದದ್ದು 1985ರಲ್ಲಿ, ಅವನು ಆಟವನ್ನೇ ಬಿಟ್ಟ ಮೇಲೆ. ಅಷ್ಟು ವರ್ಷ ಆ ನೋವಿಗೆ ಒಂದು ಹೆಸರೂ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಮುಂದೆ ಊರಿನಲ್ಲಿ ಜಮೀನು ನೋಡಿಕೊಂಡು, ಲಾರಿ ಓಡಿಸಿಕೊಂಡಿದ್ದ ಫಿಡ್ರಿಚ್, 2009ರಲ್ಲಿ ಅದೇ ಲಾರಿಯ ಕೆಳಗೆ ದುರಸ್ತಿ ಮಾಡುತ್ತಿದ್ದಾಗ ಅವಘಡದಲ್ಲಿ ತೀರಿಕೊಂಡ.

ನಮ್ಮ ಊರಿನವರೇ ಆದ ಜಾವಗಲ್ ಶ್ರೀನಾಥ್ ಅವರಿಗೂ 1997ರಲ್ಲಿ ಭುಜದ ಇದೇ ಭಾಗಕ್ಕೆ ಪೆಟ್ಟಾಗಿತ್ತು. ಸಕಾಲಕ್ಕೆ ಶಸ್ತ್ರಚಿಕಿತ್ಸೆ ದೊರೆತದ್ದರಿಂದ ಅವರು 2003ರ ವಿಶ್ವಕಪ್‌ವರೆಗೂ ಆಡಿದರು.

ಅಮೆರಿಕದ ಮಕ್ಕಳ ಲಿಟಲ್ ಲೀಗ್‌ನಲ್ಲಿ 2007ರಿಂದ ಪ್ರತಿ ಎಸೆತವನ್ನೂ ಎಣಿಸುತ್ತಾರೆ. 11–12 ವರ್ಷದವರು ದಿನಕ್ಕೆ 85 ಎಸೆತ ದಾಟುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಬೌಲಿಂಗ್ ಬೇರೆ, ಪಿಚಿಂಗ್ ಬೇರೆ ಎಂಬುದು ನಿಜವಾದ್ದರಿಂದ ಅದೇ ಅಂಕಿಗಳನ್ನು ಇಲ್ಲಿಗೆ ತಂದು ಅಂಟಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಣಿಸುವುದಕ್ಕೇನು ಅಡ್ಡಿ? ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಅಂದು ಹಾಕಿದ ಚೆಂಡುಗಳ ಸಂಖ್ಯೆಯನ್ನೂ ಬರೆದಿಡುವಂತೆ, ನೋವೆಂದವನನ್ನು ಅಂದೇ ಕೂರಿಸುವಂತೆ ಕ್ರೀಡಾ ಇಲಾಖೆಯು ಶಿಬಿರಗಳಿಗೆ ಸೂಚಿಸಬೇಕು. ಶುಲ್ಕ ಕಟ್ಟುವ ಪೋಷಕರೂ ಆ ಪುಸ್ತಕವನ್ನು ಕೇಳಿ ನೋಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಸರಸ್ವತಿಪುರಂ, ಮೈಸೂರು