‘ಕಾನು’ ಅಂತ ಬರೆದರೆ ಅಂಕ ಇಲ್ಲವೇ?

ಮಾನ್ಯರೇ,

ನನ್ನ ಮೊಮ್ಮಗಳು ಐದನೇ ಕ್ಲಾಸು. ಪರೀಕ್ಷೆಯಲ್ಲಿ ‘ಕಾಡಿನ ಉಪಯೋಗಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದಿತ್ತು. ಅವಳು ಬರೆದದ್ದು ಇಷ್ಟು: ‘ಕಾನಿನಿಂದ ನಮ್ಮ ತೋಟಕ್ಕೆ ನೀರು ಬರುತ್ತದೆ. ಕಾಳುಮೆಣಸು, ಉಪ್ಪಾಗೆ, ಜೇನು ಸಿಗುತ್ತದೆ. ಅಲ್ಲಿ ಚೌಡಿ ಇದ್ದಾಳೆ.’ (ಕಾನು ಅಂದರೆ ನಮ್ಮ ಕಡೆ ಕಡಿಯದೆ ಕಾಪಾಡಿಕೊಂಡು ಬಂದ ದಟ್ಟ ಕಾಡು, ಉಪ್ಪಾಗೆ ಅಲ್ಲಿನ ಹುಳಿ ಹಣ್ಣು, ಚೌಡಿ ಅಲ್ಲಿನ ದೇವತೆ.) ಮೂರು ಸಾಲಿಗೂ ಕೆಂಪು ಗೆರೆ. ಪಕ್ಕದಲ್ಲಿ ‘ಮರಮುಟ್ಟು, ಕಾಗದ, ಪೀಠೋಪಕರಣ’ ಅಂತ ತಿದ್ದಿದ್ದಾರೆ. ನಾಲ್ಕಕ್ಕೆ ಸೊನ್ನೆ.

‘ಅಜ್ಜಿ, ನೀನು ಹೇಳಿದ್ದನ್ನೇ ಬರೆದೆ. ಅದು ಸುಳ್ಳಾ?’ ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ.

ಉಪ್ಪಾಗೆ ಸಿಪ್ಪೆ ಒಲೆ ಮೇಲೆ ಒಣಗುವಾಗ ಮನೆಯೆಲ್ಲ ಹುಳಿ ವಾಸನೆ. ಅದರ ಬೀಜದಿಂದ ತುಪ್ಪ ತೆಗೆಯುವುದನ್ನು ಆ ಮಗು ನನ್ನ ಪಕ್ಕದಲ್ಲೇ ಕೂತು ನೋಡಿದೆ. ಅದು ಹೇಗೆ ತಪ್ಪು ಉತ್ತರ ಆಗುತ್ತದೆ?

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಮಾದರಿ ಉತ್ತರ ನೋಡಿಯೇ ತಿದ್ದಿರಬೇಕು. ಆದರೆ ಕಾಡು ಅಂದ ಕೂಡಲೇ ಮರಮುಟ್ಟು ನೆನಪಾಗುವುದು ಯಾರಿಗೆ? ಕಡಿದು ಸಾಗಿಸಲು ಬಂದವರಿಗೆ ಅಲ್ವಾ? ಬ್ರಿಟಿಷರಿಗೆ ಹಡಗು ಕಟ್ಟಲು, ರೈಲು ಹಳಿಯ ಅಡಿಗೆ ಹಾಕಲು ಮರ ಬೇಕಿತ್ತು. ಅವರು ಹೋದರು, ಅವರ ಲೆಕ್ಕ ನಮ್ಮ ಮಕ್ಕಳ ಪಾಠದಲ್ಲಿ ಉಳಿದುಕೊಂಡಿತು.

ನಮ್ಮ ಸೊರಬ, ಸಾಗರದ ಕಡೆ ಕಾನು ಬೇರೆ, ಸೊಪ್ಪಿನ ಬೆಟ್ಟ ಬೇರೆ, ಬ್ಯಾಣ ಬೇರೆ. ಬ್ಯಾಣದಲ್ಲಿ ಹುಲ್ಲು ಕೊಯ್ಯುತ್ತೇವೆ. ಬೆಟ್ಟದ ಸೊಪ್ಪು ತೋಟಕ್ಕೆ. ಕಾನಿನ ಹಸಿ ಮರಕ್ಕೆ ಮಾತ್ರ ನಮ್ಮೂರಲ್ಲಿ ಕತ್ತಿ ಹಾಕುವುದಿಲ್ಲ. ಮಳೆ ನೀರು ಅಲ್ಲಿನ ದರಗಿನಲ್ಲಿ, ಅಂದರೆ ಉದುರಿದ ಎಲೆಗಳಲ್ಲಿ ಇಂಗಿ, ಬೇಸಿಗೆಯಲ್ಲೂ ಕೆಳಗಿನ ಕೆರೆಗೆ ಜಿನುಗುತ್ತಿರುತ್ತದೆ. 1868ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬ ಬ್ರಿಟಿಷರ ಕಾಲದ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ವರದಿ ಬರೆದರು. ‘ಕಾನು’ ಎಂಬ ನಮ್ಮ ಮಾತನ್ನೇ ಅದರಲ್ಲಿ ಬಳಸಿದರು. ಅವರ ವರದಿಯಲ್ಲಿ ಸರಿ ಇದ್ದ ಮಾತಿಗೆ ನಮ್ಮ ಶಾಲೆಯಲ್ಲಿ ಕೆಂಪು ಗೆರೆ!

ಹೊರಗಿನ ವಿದ್ಯೆ ಬೇಡ ಅಂತ ನಾನು ಹೇಳುತ್ತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು. ಅದಕ್ಕೂ ಮುಂಚೆ ನಮ್ಮವರು ಅಡಿಕೆ ಗೊನೆಗೆ ಕರಡ ಹುಲ್ಲಿನ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ನಮ್ಮ ಮಾವನವರು ಕಟ್ಟಿದ್ದನ್ನು ನಾನೂ ನೋಡಿದ್ದೇನೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಕೋಲ್ಮನ್ ಸಾಹೇಬರು ಈ ರೋಗದ ಬಗ್ಗೆ 1910ರಲ್ಲಿ ಬರೆದಾಗ ‘ಕೊಳೆರೋಗ’ ಎಂಬ ಹೆಸರನ್ನೇ ಉಳಿಸಿಕೊಂಡರು. ರೈತರು ಏನೆನ್ನುತ್ತಾರೆ ಅಂತ ಕೇಳಿಸಿಕೊಂಡವರು ಅವರು.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಮಾದರಿ ಉತ್ತರದಲ್ಲಿ ಇಲ್ಲ ಅಂತ ಮಗು ಕಣ್ಣಾರೆ ಕಂಡದ್ದನ್ನು ಹೊಡೆದು ಹಾಕಬೇಡಿ. ವರ್ಷಕ್ಕೆ ಒಂದು ದಿನವಾದರೂ ಮಕ್ಕಳನ್ನು ಊರಿನ ಕಾನಿಗೆ ಕಳಿಸಿ. ಜೊತೆಗೆ ಟೀಚರೂ ಬರಲಿ. ನನಗೆ ಈಗ ಅರವತ್ತೆಂಟು. ದಾರಿ ತೋರಿಸಲು ನಾನೇ ಬರುತ್ತೇನೆ. ಇಂಬಳಕ್ಕೆ (ಜಿಗಣೆಗೆ) ಹಚ್ಚಲು ಸುಣ್ಣ, ಹೊಗೆಸೊಪ್ಪನ್ನೂ ತರುತ್ತೇನೆ.

– ಅಡಿಕೆ ಬೆಳೆಗಾರ್ತಿ, ಸೊರಬ ತಾಲ್ಲೂಕು