ಹೊಕ್ಕುಳಬಳ್ಳಿ ರಕ್ತ: ಠೇವಣಿಯೋ, ದಾನವೋ?

ಮಾನ್ಯ ಸಂಪಾದಕರೇ,

ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಅವಳ ಜೊತೆ ತಪಾಸಣೆಗೆ ಹೋಗಿದ್ದೆ. ಸರದಿಗಾಗಿ ಕಾಯುತ್ತಿದ್ದ ನಮ್ಮ ಬಳಿ ಖಾಸಗಿ ಸಂಸ್ಥೆಯೊಂದರ ಪ್ರತಿನಿಧಿ ಬಂದು, ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕಟ್ಟಿ ಕಾದಿರಿಸಿದರೆ ಅದು ಮಗುವಿನ ಜೀವಮಾನಕ್ಕೆಲ್ಲ ವಿಮೆಯಿದ್ದಂತೆ ಎಂದು ಅರ್ಧ ಗಂಟೆ ವಿವರಿಸಿದರು. ಅದೇ ರಕ್ತವನ್ನು ದಾನವಾಗಿಯೂ ಕೊಡಬಹುದೆಂಬ ಮಾತು ಅವರ ಬಾಯಲ್ಲಿ ಬರಲಿಲ್ಲ; ಅವರಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ಆದರೆ ಆಸ್ಪತ್ರೆಯವರೂ ಹೇಳಲಿಲ್ಲ ಎಂಬುದೇ ಈ ಪತ್ರಕ್ಕೆ ಕಾರಣ.

ಮಗು ಹುಟ್ಟಿ ಬಳ್ಳಿ ಕತ್ತರಿಸಿದ ಮೇಲೆ ಮಾಸಿನಲ್ಲಿಯೂ ಬಳ್ಳಿಯಲ್ಲಿಯೂ ಉಳಿಯುವ ರಕ್ತ ಸಾಮಾನ್ಯವಾಗಿ ಒಂದು ಲೋಟಕ್ಕಿಂತ ಕಡಿಮೆ, ಮತ್ತು ಅದು ಮಾಸಿನೊಡನೆ ಕಸಕ್ಕೆ ಹೋಗುತ್ತದೆ. ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು (ಸ್ಟೆಮ್ ಸೆಲ್) ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿರುವಂತೆ ಈ ರಕ್ತದಲ್ಲಿಯೂ ಇವೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಎಲಿಯಾನ್ ಗ್ಲಕ್‌ಮನ್ ಅವರ ತಂಡ, ಫ್ಯಾಂಕೋನಿ ಅನೀಮಿಯಾ ಎಂಬ ವಂಶವಾಹಿ ಕಾಯಿಲೆಯಿದ್ದ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿ ರಕ್ತವನ್ನು ಕೊಟ್ಟು ಮೊದಲ ಕಸಿಯನ್ನು ಯಶಸ್ವಿಯಾಗಿ ಮಾಡಿತು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಹುಟ್ಟಿನಿಂದ ಬರುವ ಕೆಲವು ರೋಗನಿರೋಧಕ ಶಕ್ತಿಯ ಕೊರತೆಗಳು ಮುಂತಾದವಕ್ಕೆ ಈ ಕಸಿ ಅಂದಿನಿಂದ ನಡೆಯುತ್ತ ಬಂದಿದೆ.

ಆ ಬಾಲಕನಿಗೆ ಸಿಕ್ಕಿದ್ದು ಅವನ ಸ್ವಂತ ರಕ್ತವಲ್ಲ ಎಂಬುದನ್ನು ಗಮನಿಸಬೇಕು. ಕಾಯಿಲೆ ವಂಶವಾಹಿಯಲ್ಲೇ ಇದ್ದರೆ ಮಗುವಿನ ಹೊಕ್ಕುಳಬಳ್ಳಿಯ ಕೋಶಗಳಲ್ಲಿಯೂ ಅದೇ ದೋಷವಿರುತ್ತದೆ; ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನಲ್ಲೂ ಅದಕ್ಕೆ ದಾರಿಯಾಗುವ ಬದಲಾವಣೆ ಎಷ್ಟೋ ಬಾರಿ ಹುಟ್ಟುವ ಮೊದಲೇ ಆಗಿರುತ್ತದೆ. ಹಾಗಾಗಿ ‘ನಮ್ಮ ಮಗುವಿಗಾಗಿ’ ಎಂದು ಇಟ್ಟ ಠೇವಣಿ ಆ ಮಗುವಿಗೇ ಒದಗುವುದು ಬಹಳ ಅಪರೂಪ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಕೂಡ 2017ರ ತನ್ನ ಹೇಳಿಕೆಯಲ್ಲಿ ಸಾರ್ವಜನಿಕ ನಿಧಿಗೆ, ಅಂದರೆ ಹೊಂದುವ ಯಾವ ರೋಗಿಗಾದರೂ ಕೊಡಲೆಂದು ದಾನದ ರಕ್ತವನ್ನು ಕಾದಿಡುವ ಸಂಗ್ರಹಕ್ಕೆ, ಕೊಡುವುದನ್ನೇ ಎತ್ತಿಹಿಡಿದಿದೆ. ಮನೆಯಲ್ಲಿ ಕಸಿಯಿಂದ ಗುಣವಾಗಬಹುದಾದ ಕಾಯಿಲೆಯ ಹಿರಿಯ ಮಗುವಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥ ಕುಟುಂಬ ಆ ರಕ್ತವನ್ನು ತನಗಾಗಿ ತೆಗೆದಿರಿಸಿಕೊಳ್ಳುವುದೇ ಸರಿ.

ದಾನವಾಗಿ ಬಂದ ರಕ್ತವನ್ನು ಪರೀಕ್ಷಿಸಿ, ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿ ಇಡುತ್ತಾರೆ. ಅಸ್ಥಿಮಜ್ಜೆಯ ದಾನಿಯನ್ನು ಹುಡುಕಿ, ಒಪ್ಪಿಸಿ, ಕರೆತರಲು ವಾರಗಳೋ ತಿಂಗಳುಗಳೋ ಹಿಡಿಯುವಾಗ ಇದು ಸಿದ್ಧವಾಗಿ ಕಾದಿರುತ್ತದೆ. ದಾನಿಯ ಮತ್ತು ರೋಗಿಯ ಅಂಗಾಂಶದ ಗುರುತುಗಳು ಪೂರ್ತಿ ಹೊಂದದಿದ್ದರೂ ಕಸಿ ಸಾಧ್ಯವಾಗುವುದರಿಂದ, ಹೊಂದುವ ದಾನಿ ಸಿಗದೆ ಕೈಚೆಲ್ಲಿದವರಿಗೂ ದಾರಿಯಾಗುತ್ತದೆ. ದೋಷಗಳನ್ನು ಮುಚ್ಚಿಡುವುದೂ ಸರಿಯಲ್ಲ. ಕೋಶಗಳ ಪ್ರಮಾಣ ಕಡಿಮೆಯಾದ್ದರಿಂದ ವಯಸ್ಕ ರೋಗಿಗೆ ಕೆಲವೊಮ್ಮೆ ಎರಡು ಚೀಲ, ಅಂದರೆ ಎರಡು ಹೆರಿಗೆಗಳ ರಕ್ತ, ಬೇಕಾಗುತ್ತದೆ, ಹೊಸ ರಕ್ತ ಹುಟ್ಟುವುದೂ ನಿಧಾನ. ಅರ್ಧ ಹೊಂದುವ ಬಂಧುಗಳಿಂದಲೇ ಕಸಿ ಮಾಡುವ ವಿಧಾನ ಸುಧಾರಿಸಿರುವುದರಿಂದ ಈಚೆಗೆ ಹೊಕ್ಕುಳಬಳ್ಳಿ ರಕ್ತದ ಬಳಕೆ ತಗ್ಗಿದೆ ಎಂಬುದೂ ನಿಜ. ಹೀಗಿದ್ದರೂ ಕಸಕ್ಕೆ ಹೋಗುವ ವಸ್ತು ಒಂದು ಜೀವಕ್ಕೆ ಆಸರೆಯಾಗಬಹುದಾದರೆ ಅದನ್ನು ಚೆಲ್ಲಲು ನನಗೆ ಮನಸ್ಸು ಬಾರದು.

ದಾನದ ಉತ್ಸಾಹದಲ್ಲಿ ಮಗುವಿನ ಪಾಲನ್ನು ಮಾತ್ರ ಕಸಿಯಬಾರದು. ಹುಟ್ಟಿದ ಮೇಲೆ ಕನಿಷ್ಠ ಒಂದು ನಿಮಿಷವಾದರೂ ಬಳ್ಳಿಯನ್ನು ಕಟ್ಟದೆ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಮಗುವಿಗೆ ಹರಿಯುವ ರಕ್ತವೇ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶದ ದಾಸ್ತಾನು. ಹಾಗೆ ಬಿಟ್ಟರೆ ಚೀಲಕ್ಕೆ ಸಿಗುವ ರಕ್ತ ಕಡಿಮೆಯಾಗುತ್ತದೆ, ಆಗಲಿ. ಆಮೇಲೆ ಉಳಿದದ್ದನ್ನು ಬಳ್ಳಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಸಂಗ್ರಹಿಸುವುದರಿಂದ ತಾಯಿಗಾಗಲಿ ಮಗುವಿಗಾಗಲಿ ನೋವಿಲ್ಲ. ಕೋಶಗಳು ಸಾಲದೆ ಎಷ್ಟೋ ಚೀಲಗಳನ್ನು ನಿಧಿಗಳು ಶೇಖರಿಸುವುದೇ ಇಲ್ಲ ಎಂಬುದನ್ನೂ ದಾನಿಗಳಿಗೆ ಮೊದಲೇ ತಿಳಿಸಿರಬೇಕು.

ತಾಯಿಯ ರಕ್ತಪರೀಕ್ಷೆ, ಕುಟುಂಬದ ಕಾಯಿಲೆಗಳ ವಿವರ, ಲಿಖಿತ ಒಪ್ಪಿಗೆ, ಇವೆಲ್ಲ ಹೆರಿಗೆ ನೋವಿನ ನಡುವೆ ಆಗುವ ಕೆಲಸಗಳಲ್ಲ. ನಮಗೆ ದಾನದ ವಿಷಯ ತಿಳಿಯುವಷ್ಟರಲ್ಲಿ ಮೊಮ್ಮಗಳು ಹುಟ್ಟಿ ಒಂದು ವಾರವಾಗಿತ್ತು. ಹೆರಿಗೆ ನಡೆಸುವ ಆಸ್ಪತ್ರೆಗಳು ಕೊನೆಯ ಮೂರು ತಿಂಗಳ ತಪಾಸಣೆಯ ಹೊತ್ತಿಗೇ, ತಮ್ಮಲ್ಲಿ ದಾನಕ್ಕೆ ಏರ್ಪಾಡು ಇದೆಯೋ ಇಲ್ಲವೋ ಎಂಬುದನ್ನಾದರೂ ಬಸುರಿಯರಿಗೆ ತಿಳಿಸಲಿ. ತಮ್ಮ ಪತ್ರಿಕೆಯೂ ಹೊಕ್ಕುಳಬಳ್ಳಿ ರಕ್ತದ ಬಗ್ಗೆ ಬರೆಯುವಾಗ ಠೇವಣಿ ಮತ್ತು ದಾನ ಎರಡನ್ನೂ ಬೇರೆಬೇರೆಯಾಗಿ ವಿವರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗಾರ್ತಿ